ಜಕಾತ್ ಅಂದಾಜಲೆ ಬ್ಯಾಡ, ಒಂದ ಹಾಳಿ ಪೆನ್ನ ತಗೊಂಡ ಕುಂದರ್ರಿ

ರಮಜಾನ್ ಹತ್ರ ಬಂತಂದ್ರ ನಮ್ಮ ವಿಜಯಪುರ ಕಡೆ ಭಾಳ ಮಂದಿ ಜಕಾತ್ ಹೆಂಗ ತಗೀತಾರಂದ್ರ, ಹ್ವಾದ ವರ್ಷ ಹತ್ತ ಸಾವಿರ ಕೊಟ್ಟಿದ್ವಿ, ಈ ವರ್ಷ ಧಂದೆ ಸ್ವಲ್ಪ ಬೇಷ ಆಗೇದ, ಹನ್ನೆರಡ ಕೊಟ್ಟಬಿಡೂಣು ಅಂತ. ಅಷ್ಟರಾಗ ಮುಗೀತು. ಅಂಗಡಿ ಜಿಎಸ್‌ಟಿ ಲೆಕ್ಕ ಪೈಸಾಕ್ಕ ಪೈಸಾ ಬರೀತೀವಿ, ಬ್ಯಾಂಕಿನವರ ಇಎಂಐ ಒಂದ ದಿನ ತಪ್ಪಿದ್ರ ನಿದ್ದಿ ಬರಂಗಿಲ್ಲ, ಜಕಾತ್ ಬಂದಾಗ ಮಾತ್ರ ಅಂದಾಜ. ಜಕಾತ್ ಅಂದ್ರ ಅನುಕೂಲ ಇದ್ದ ಮುಸಲ್ಮಾನರು ವರ್ಷಕ್ಕೊಮ್ಮೆ ಕೊಡಲೇಬೇಕಾದ ಪಾಲು, ಖೈರಾತ್ ಅಲ್ರಿ, ಮನಸ್ಸಿಗೆ ಬಂದಷ್ಟು ಕೊಡೂದಲ್ಲ, ಅದು ಬಡವರ ಹಕ್ಕು, ಅದಕ್ಕ ಪಕ್ಕಾ ಲೆಕ್ಕ ಅದ. ಹೆಚ್ಚ ಕೊಟ್ರ ಹೆಚ್ಚಿಂದು ಸದಖಾ (ಖುಷಿಲೆ ಮಾಡಿದ ದಾನ) ಆಗ್ತದ, ಕಡಿಮಿ ಕೊಟ್ರ ಉಳದದ್ದು ತಲಿಮ್ಯಾಲಿನ ಸಾಲ.

ಲೆಕ್ಕ ಅಂತೂ ಐದನೇತ್ತೆ ಹುಡುಗನೂ ಮಾಡ್ತಾನ. ಒಟ್ಟ ಮೊತ್ತ 40ರಿಂದ ಭಾಗಿಸಿದ್ರ ಬಂದದ್ದೇ ಜಕಾತ್, ಅಂದ್ರ ನೂರಕ್ಕ ಎರಡೂವರಿ, ಸಾವಿರಕ್ಕ 25, ಲಕ್ಷಕ್ಕ 2,500. ಮಂದಿ ತೊಡಕ ಬೀಳೂದು ಅದಕ್ಕಿಂತ ಮೊದಲ, ಯಾವ ತಾರೀಖ ಹಿಡೀಬೇಕು, ಯಾವುದನ್ನ ಹಾಳಿಮ್ಯಾಲೆ ಬರೀಬೇಕು, ಯಾವುದನ್ನ ಬಿಡಬೇಕು, ಸಾಲ ಎಷ್ಟ ಕಳೀಬೇಕು ಅನ್ನೂದ್ರಾಗ. ಅದನ್ನ ಒಂದೊಂದಾಗಿ ಹೇಳ್ತೀನಿ. ನಾ ಬರ್ಯಾಕತ್ತಿದ್ದು ಹನಫಿ ಮಸ್ಲಕ್ (ಇಸ್ಲಾಂ ಕಾಯ್ದೆದ ಒಂದ ಪಂಥ) ಪ್ರಕಾರ, ಯಾಕಂದ್ರ ವಿಜಯಪುರ ಬಾಗಲಕೋಟಿ ಬೆಳಗಾವಿ ಕಡೆ ಬಹಳಷ್ಟ ಮಂದಿ ಅದನ್ನೇ ನಡಸ್ತಾರ. ಭಟ್ಕಳ ಮಂಗಳೂರ ಕಡೆಯವರು ಬಹಳ ಮಂದಿ ಶಾಫಿಯಿ ಪಂಥದವರು, ಅವರದು ಕೆಲವು ಕಡೆ ಬ್ಯಾರೆ ಅದ, ಮುಖ್ಯವಾಗಿ ಬಂಗಾರದ ವಿಷಯದಾಗ. ಅಲ್ಲಿ ಹೆಣ್ಮಕ್ಕಳು ಹಾಕ್ಕೊಳ್ಳೂ ಮಾಮೂಲಿ ದಾಗೀನಕ್ಕ ಜಕಾತ್ ಇಲ್ಲ. ಹನಫಿ ಒಳಗ ಹಾಕ್ಕೊಂಡಿದ್ದಕ್ಕೂ ಅದ, ಲಾಕರ್‌ನ್ಯಾಗ ಇಟ್ಟಿದ್ದಕ್ಕೂ ಅದ. ಹಿಂಗಾಗಿ ಮಂಗಳೂರಿನ ಗೆಳ್ಯಾ ವಾಟ್ಸಾಪ್‌ನ್ಯಾಗ ಕಳಿಸಿದ ಮೆಸೇಜ್ ನೋಡಿ ನಿಮ್ಮ ಮನಿ ಲೆಕ್ಕ ಮಾಡಬ್ಯಾಡ್ರಿ.

ಮೊದಲ ತಾರೀಖ. ಜಕಾತ್ ಕೊಡೂ ಹೊಣಿ ಬರೂದು ನಿಸಾಬ್ (ಜಕಾತ್ ಬೀಳೂ ಕನಿಷ್ಠ ಆಸ್ತಿ ಮಿತಿ) ಮುಟ್ಟಿದವರಿಗಿ, ಅದೂ ಒಂದ ವರ್ಷ ತುಂಬಿದ ಮ್ಯಾಲೆ. ಈ ವರ್ಷ ಅಂದ್ರ ಚಂದ್ರನ ವರ್ಷ, ಸುಮಾರು 354 ದಿನ, ಜನವರಿ ಡಿಸೆಂಬರ್ ಅಲ್ಲ, ಮಾರ್ಚ್ 31 ಅಂತೂ ಅಲ್ಲೇ ಅಲ್ಲ. ನಿಮ್ಮ ಕಡೆ ಮೊದಲನೇ ಸಲ ನಿಸಾಬಿನಷ್ಟ ರೊಕ್ಕ ಬಂಗಾರ ಆದದ್ದು ಯಾವ ಹಿಜ್ರಿ ತಾರೀಖಿಗೋ, ಅದೇ ನಿಮ್ಮ ಜಕಾತ್ ತಾರೀಖ, ಪ್ರತಿ ವರ್ಷ ಅದೇ. ಮದುವಿ ದಿನ ದಾಗೀನ ಬಂದ ಹೆಣ್ಮಗಳಿಗಿ ಬಹುತೇಕ ಅವಳ ನಿಕಾಹ್ ತಾರೀಖೇ ಆಗಿರ್ತದ. ಈಗ ಯಾರಿಗಿ ನೆನಪಿರ್ತದ್ರಿ ಅದು, ಬಹಳ ಮಂದಿಗಿ ಇರಂಗಿಲ್ಲ, ಅಂಥವರು ಚೊಲೋತ್ನ್ಯಾಗಿ ವಿಚಾರ ಮಾಡಿ ಅಂದಾಜಿಲೆ ಒಂದ ತಾರೀಖ ಹಿಡೀಬೇಕು, ಹಿಡದ ಮ್ಯಾಲೆ ಅದನ್ನ ಬದಲಸಬಾರ್ದು. ರಮಜಾನ್ ಒಂದನೇ ತಾರೀಖ ಹಿಡಿಯೂದು ರೂಢಿ, ತಪ್ಪೇನಿಲ್ಲ, ಆದ್ರ ನಿಮ್ಮ ಖರೆ ತಾರೀಖ ರಬಿಉಲ್ ಅವ್ವಲ್ ತಿಂಗಳದಾಗ ಅದ ಅಂತ ಗೊತ್ತಿದ್ದೂ ಪುಣ್ಯಾ ಹೆಚ್ಚ ಸಿಗ್ತದಂತ ರಮಜಾನ್ ತನಕ ದೂಡೂದು ಸರಿ ಅಲ್ಲ. ಅಂಥವರು ಮೊದಲಿನ ರಮಜಾನ್‌ದಾಗೇ ಅಡ್ವಾನ್ಸ್ ಕೊಟ್ಟಬಿಡ್ರಿ, ಅದು ನಡೀತದ. ಇನ್ನ ಅಂಗಡಿ ಲೆಕ್ಕ ಎಲ್ಲಾ ಇಂಗ್ಲಿಷ್ ಕ್ಯಾಲೆಂಡರ್ ಪ್ರಕಾರೇ ಅದ, ಬ್ಯಾರೆ ದಾರಿನೇ ಇಲ್ಲ ಅನ್ನವರು 2.5ರ ಬದ್ಲಿ 2.577 ಪರ್ಸೆಂಟ್ ತಗೀತಾರ, ಯಾಕಂದ್ರ 11 ದಿನ ಹೆಚ್ಚಾಗ್ತದಲ್ರಿ.

ವರ್ಷ ತುಂಬಬೇಕು ಅನ್ನೂದನ್ನ ಮಂದಿ ಹೆಂಗ ತಿಳ್ಕೊಂಡಾರಂದ್ರ, ಪ್ರತಿ ರೂಪಾಯಿಗೂ ಬ್ಯಾರೆ ಬ್ಯಾರೆ ವರ್ಷ ತುಂಬಬೇಕು ಅಂತ. ಹಂಗಿಲ್ಲ. ವರ್ಷದ ಸುರುವಾತಿಗಿ ನಿಸಾಬ್ ಇತ್ತು, ವರ್ಷದ ಕಡೀಕೂ ನಿಸಾಬ್ ಅದ ಅಂದ್ರ ಸಾಕು, ನಡುವ ಕಡಿಮಿ ಆಗಿದ್ರೂ ಪರವಾಗಿಲ್ಲ, ಪೂರ್ತಿ ಸೊನ್ನಿ ಆಗಿರಬಾರ್ದು ಅಷ್ಟ. ತಾರೀಖಿನ ಎರಡ ದಿನ ಮೊದಲ ಪಗಾರ ಜಮಾ ಆತು, ಅದೂ ಲೆಕ್ಕಕ್ಕ ಬರ್ತದ. ತಾರೀಖಿನ ಎರಡ ದಿನ ಮೊದಲ ಮನಿ ರಿಪೇರಿಗಿ 50 ಸಾವಿರ ಖರ್ಚಾತು, ಅದು ಲೆಕ್ಕದಾಗ ಇಲ್ಲ. ಆ ದಿನ ಕೈಯಾಗ ಏನದನೋ ಅದನ್ನ ನೋಡೂದು, ಅಷ್ಟೇ.

ಈಗ ನಿಸಾಬ್. ಹಳೇ ಕಾಲದ ಅಳತಿ 20 ದೀನಾರ ಬಂಗಾರ ಇಲ್ಲಾಂದ್ರ 200 ದಿರ್ಹಮ್ ಬೆಳ್ಳಿ. ನಮ್ಮ ದೇಶದ ಉಲಮಾಗಳು (ಧರ್ಮ ಪಂಡಿತರು) ಅದನ್ನ ತೊಲಿ ಲೆಕ್ಕಕ್ಕ ತಂದು ಏಳೂವರಿ ತೊಲಿ ಬಂಗಾರ, ಐವತ್ತೆರಡೂವರಿ ತೊಲಿ ಬೆಳ್ಳಿ ಅಂತ ಹೇಳ್ಯಾರ. ಇಲ್ಲೇ ಒಂದ ದೊಡ್ಡ ಗೊಂದಲ ಅದ ನೋಡ್ರಿ. ಆ ತೊಲಿ ಹಳೇ ತೊಲಿ, 11.664 ಗ್ರಾಂ. ನೀವು ಈಗ ಸರಾಫ್ ಬಜಾರಕ್ಕ ಹೋಗಿ ಒಂದ ತೊಲಿ ಬಂಗಾರ ಕೊಡ್ರಿ ಅಂದ್ರ ಅಂಗಡಿಯವರು ಕೊಡೂದು 10 ಗ್ರಾಂ. ಹಿಂಗಾಗಿ ಏಳೂವರಿ ತೊಲಿ ಅಂದ್ರ 75 ಗ್ರಾಂ ಅಲ್ಲ, 87.48 ಗ್ರಾಂ, ಅಂದ್ರ ಈಗಿನ ಬಜಾರ ಲೆಕ್ಕಕ್ಕ ಸುಮಾರು ಎಂಟೂಮುಕ್ಕಾಲ ತೊಲಿ. ಬೆಳ್ಳಿ 525 ಗ್ರಾಂ ಅಲ್ಲ, 612.36 ಗ್ರಾಂ. ತೊಲಿ ಮರ್ತಬಿಡ್ರಿ, ಈ ಎರಡ ಗ್ರಾಂ ಲೆಕ್ಕ ಮೊಬೈಲ್‌ನ್ಯಾಗ ಬರದ ಇಟ್ಟಕೋರಿ.

ಬಂಗಾರದ ನಿಸಾಬ್ ಹಿಡೀಬೇಕೋ ಬೆಳ್ಳಿದೋ? ಇದರಮ್ಯಾಲೆ ಎಷ್ಟ ವಾದ ಆಗ್ತದಂದ್ರ ಚಹಾ ತಣ್ಣಗಾದ್ರೂ ಮುಗಿಯಂಗಿಲ್ಲ. ನಿಮ್ಮ ಕಡೆ ಬರೀ ಬಂಗಾರ ಅದ, ಒಂದ ರೂಪಾಯಿ ರೊಕ್ಕ ಇಲ್ಲ, ಬೆಳ್ಳಿ ಇಲ್ಲ, ಮಾರೂ ಮಾಲ ಇಲ್ಲ ಅಂದ್ರ 87.48 ಗ್ರಾಂ ಆಗೂತನ ಜಕಾತ್ ಬರಂಗಿಲ್ಲ. ಆದ್ರ ಅಂಥವರು ಯಾರದಾರ ಹೇಳ್ರಿ? ಬಂಗಾರದ ಜೋಡಿ ಸ್ವಲ್ಪ ರೊಕ್ಕ ಇದ್ರೂ, ಸ್ವಲ್ಪ ಬೆಳ್ಳಿ ಇದ್ರೂ, ಎಲ್ಲಾದರ ಬೆಲಿ ಕೂಡಿಸಿ 612.36 ಗ್ರಾಂ ಬೆಳ್ಳಿ ಬೆಲಿಗಿ ಮುಟ್ತದೇನ ಅಂತ ನೋಡೂದು ಹನಫಿ ಒಳಗ ಚಾಲ್ತಿ ಇರೂ ಫತ್ವಾ. ಅಂದ್ರ ಎರಡ ತೊಲಿ ಪಾಟ್ಲಿ, ಪರ್ಸ್‌ನ್ಯಾಗ ಐದ ಸಾವಿರ ಇರೂ ಹೆಣ್ಮಗಳೂ ಇವತ್ತಿನ ರೇಟಿಗಿ ಸಾಹಿಬ್-ಎ-ನಿಸಾಬ್, ಅಂದ್ರ ಜಕಾತ್ ಕೊಡಬೇಕಾದಾಕಿ, ಆಗ್ತಾಳ. ನಮ್ಮ ಕಡೆ ಭಾಳ ಹೆಣ್ಮಕ್ಕಳಿಗಿ ಇದು ಗೊತ್ತೇ ಇಲ್ಲ, ನಮ್ದು ಏಳೂವರಿ ತೊಲಿ ಆಗಿಲ್ಲ, ನಮಗ ಜಕಾತ್ ಇಲ್ಲ ಅಂತ ನಿಶ್ಚಿಂತಿ ಇರ್ತಾರ. ಬೆಳ್ಳಿ ನಿಸಾಬ್ ಭಾಳ ಕೆಳಗ ಬಂತು, ಬಡವರಮ್ಯಾಲೇ ಹೊರಿ ಬೀಳ್ತದ, ಬಂಗಾರದ್ದೇ ಹಿಡೀಬೇಕು ಅನ್ನೂ ಈಗಿನ ಕಾಲದ ಆಲಿಮ್‌ಗಳೂ ಅದಾರ, ಅದೂ ಹುರುಳಿಲ್ಲದ ಮಾತಲ್ಲ. ಆದ್ರ ಯಾವುದರ ಕಡೆ ವಾಲಬೇಕು ಅನ್ನೂದನ್ನ ನಿಮ್ಮ ಮೊಹಲ್ಲಾದ ಮುಫ್ತಿ ಸಾಹೇಬ್ರನ್ನ ಕೇಳಿ ನಡಸ್ರಿ, ಲಾಭ ಯಾವುದರಾಗ ಅದನೋ ಆ ಫತ್ವಾ ಹುಡಕ್ಕೊಂತ ಹೋಗಬ್ಯಾಡ್ರಿ.

ಇನ್ನೊಂದ ಮಾತು ಇಲ್ಲೇ ಹೇಳಿಬಿಡ್ತೀನಿ, ಮನಿಗೆಲ್ಲಾ ಕೂಡಿ ಒಂದ ಜಕಾತ್ ಅನ್ನೂದಿಲ್ಲ. ಗಂಡಂದು ಬ್ಯಾರೆ, ಹೆಂಡ್ತಿದು ಬ್ಯಾರೆ, ದುಡಿಯೂ ಮಗಂದು ಬ್ಯಾರೆ, ಅಮ್ಮಾಂದು ಬ್ಯಾರೆ. ಹೆಂಡ್ತಿ ಬಂಗಾರದ ಜಕಾತ್ ಹೆಂಡ್ತಿ ತಲಿಮ್ಯಾಲೇ ಅದ, ಗಂಡ ಕೊಟ್ರ ಕೂಡ್ತದ (ಜಕಾತ್ ಆತು ಅಂತ ಲೆಕ್ಕ), ಆದ್ರ ಅಕಿಗಿ ಹೇಳಿ, ಅಕಿ ಹೂಂ ಅಂದ ಮ್ಯಾಲೆ. ಗಂಡ ಕೊಡಲಿಲ್ಲಾಂದ್ರ ಅಕಿ ತನ್ನ ರೊಕ್ಕದಾಗ, ಇಲ್ಲಾಂದ್ರ ಸ್ವಲ್ಪ ಬಂಗಾರ ಮಾರಿಯಾದ್ರೂ ಕೊಡಬೇಕು. ಸಣ್ಣ ಮಕ್ಕಳ ಹೆಸರಿಲೆ ಇರೂ ರೊಕ್ಕಕ್ಕ ಹನಫಿ ಪ್ರಕಾರ ಜಕಾತ್ ಇಲ್ಲ, ಬಾಲಿಗ್ ಆದ (ವಯಸ್ಸಿಗಿ ಬಂದ) ಮ್ಯಾಲೆ ಬರ್ತದ. ಆದ್ರ ಮಗಳ ಮದುವಿಗಂತ ಅವ್ವ ತನ್ನ ಕಪಾಟಿನ್ಯಾಗ ಇಟ್ಟ ಬಂಗಾರ ಮಗಳದಲ್ಲ, ಅದು ಇನ್ನ ಅವ್ವಂದೇ, ಮಗಳಿಗಿ ಖರೇನೇ ಮಾಲೀಕ ಮಾಡಿದ್ರ ಮಾತ್ರ ಮಾತು ಬ್ಯಾರೆ. ಅದೇ ಪ್ರಕಾರ ಹಜ್‌ಗಿ ಅಂತ ಕೂಡಿಟ್ಟಿದ್ದು, ಮದುವಿಗಿ ಅಂತ ಕೂಡಿಟ್ಟಿದ್ದು, ಮನಿ ಕಟ್ಟಾಕ ಅಂತ ಕೂಡಿಟ್ಟಿದ್ದು, ತಾರೀಖಿನ ದಿನ ನಿಮ್ಮ ಹತ್ರ ಅದ ಅಂದ್ರ ಬರೀರಿ. ಉದ್ದೇಶ ಎಷ್ಟ ಪವಿತ್ರ ಇದ್ರೂ ರೊಕ್ಕ ರೊಕ್ಕನೇ.

ಈಗ ಹಾಳಿ ತಗೋರಿ, ಎಡಕ್ಕ ಇರೂದೆಲ್ಲಾ ಬರೀರಿ. ಮನ್ಯಾಗಿನ ರೊಕ್ಕ, ಗಲ್ಲಾದಾಗಿನ ರೊಕ್ಕ, ಎಲ್ಲಾ ಬ್ಯಾಂಕ್ ಅಕೌಂಟಿನ ಬ್ಯಾಲೆನ್ಸ್, ಎಫ್‌ಡಿ, ಪೋಸ್ಟಿನ್ಯಾಗ ಇಟ್ಟಿದ್ದು. ಬ್ಯಾಂಕಿನ ಬಡ್ಡಿ ಎಷ್ಟ ಬಂದದ ಅಂತ ಸ್ಟೇಟ್‌ಮೆಂಟ್ ನೋಡಿ ಅದನ್ನ ತಗದ ಬ್ಯಾರೆ ಇಡ್ರಿ, ಅದು ನಿಮ್ಮ ರೊಕ್ಕೇ ಅಲ್ಲ, ಅದರ ಎರಡೂವರಿ ಪರ್ಸೆಂಟ್ ಕೊಟ್ಟು ಉಳದದ್ದು ಇಟ್ಟಕೊಳ್ಳೂದಲ್ಲ, ಪೂರ್ತಿ ಬಡವರಿಗಿ ಕೊಟ್ಟ ಕೈ ತೊಳ್ಕೋಬೇಕು, ಸವಾಬ್ ನಿಯ್ಯತ್ ಇಲ್ಲದ, ಅಂದ್ರ ಪುಣ್ಯಾ ಸಿಗಲಿ ಅನ್ನೂ ಉದ್ದೇಶ ಇಲ್ಲದ. ಬಡ್ಡಿ ರೊಕ್ಕದಲೆ ಜಕಾತ್ ತೀರಸ್ತೀನಿ ಅನ್ನವರೂ ಅದಾರ, ಅದು ಕೂಡಂಗಿಲ್ಲ.

ಬಂಗಾರ ತೂಕ ಮಾಡಸ್ರಿ. ಬೋರಮಾಳ, ಪಾಟ್ಲಿ, ಝುಮಕಿ, ಲಚ್ಚಾ ಎಲ್ಲಾ. ಹಳೇ ದಾಗೀನದಾಗ ಅರಗು ತುಂಬಿರ್ತಾರ, ಹರಳು ಕರಿಮಣಿ ಇರ್ತಾವ, ಅವುಗಳ ತೂಕ ಕಳೀರಿ, ಹರಳಿಗಿ ಜಕಾತ್ ಇಲ್ಲ. ರೇಟ್ ಹಿಡಿಯೂವಾಗ ನೀವು ಕೊಂಡಾಗಿನ ರೇಟ್ ಅಲ್ಲ, ತಾರೀಖಿನ ದಿನದ ರೇಟ್. ಮಜೂರಿ, ವೇಸ್ಟೇಜ್, ಜಿಎಸ್‌ಟಿ ಕೂಡಿಸಬ್ಯಾಡ್ರಿ. ಇವತ್ತ ಇದನ್ನ ಮಾರಾಕ ತಂದ್ರ ಎಷ್ಟ ಕೊಡ್ತೀರಿ ಅಂತ ಸರಾಫ್ ಅಂಗಡಿಯವರನ್ನ ಕೇಳ್ರಿ, 22 ಕ್ಯಾರೆಟ್ ಇದ್ರ 22ರ ರೇಟ್, 18 ಇದ್ರ 18ರ ರೇಟ್. ಬೆಳ್ಳಿ ಕಾಲ್ಗೆಜ್ಜಿ, ಉಡದಾರ, ತಟ್ಟಿ ಲೋಟಾ ಎಲ್ಲಾ ಬರ್ತಾವ. ಗಿರವಿ ಇಟ್ಟ ಬಂಗಾರ ಬಿಡ್ರಿ, ಬಿಡಿಸಿಕೊಂಡ ಬರೂತನ ಅದಕ್ಕ ಜಕಾತ್ ಇಲ್ಲ.

ಅಂಗಡಿ ಇದ್ದವರು ಮಾಲ ಎಣಸಬೇಕು. ಎಲ್‌ಬಿಎಸ್ ಮಾರ್ಕೆಟ್‌ನ್ಯಾಗಿನ ಚಪ್ಪಲಿ ಅಂಗಡಿ ಇರಲಿ, ಇಳಕಲ್ ಸೀರಿ ವ್ಯಾಪಾರ ಇರಲಿ, ಮಾರಾಕ ತಂದಿಟ್ಟಿದ್ದೆಲ್ಲಾ ಬರ್ತದ, ಬೆಲಿ ಖರೀದಿ ಬೆಲಿ ಅಲ್ಲ, ಆ ದಿನದ ಬಜಾರ ಬೆಲಿ, ಇಡೀ ಸ್ಟಾಕ್ ಒಟ್ಟಿಗಿ ಕೊಟ್ರ ಏನ ಬರ್ತದೋ ಆ ಬೆಲಿ ಹಿಡಿಯೂದೂ ನಡೀತದ. ಎರಡ ವರ್ಷದಿಂದ ಹೋಗಲಾರದ ಡೆಡ್ ಸ್ಟಾಕ್ ಇದ್ರ ಅದರ ಖರೆ ಬೆಲಿ ಬರೀರಿ, ಚೀಟಿಮ್ಯಾಲಿನ ಎಂಆರ್‌ಪಿ ಬರೀಬ್ಯಾಡ್ರಿ. ಕಪಾಟು, ಕೌಂಟರ್, ತಕ್ಕಡಿ, ಫ್ರಿಜ್, ಸಾಮಾನ ತರೂ ಟಂಟಂ ಇವಕ್ಕ ಜಕಾತ್ ಇಲ್ಲ, ಅವು ದುಡಿಮಿ ಸಾಮಾನ. ಟೇಲರನ ಮಷಿನ್‌ಗಿ ಇಲ್ಲ, ಅವ ಮಾರಾಕಂತ ತಂದಿಟ್ಟ ಬಟ್ಟಿ ತಾನಕ್ಕ ಅದ.

ಇರೂ ಮನಿ, ಓಡಾಡೂ ಗಾಡಿ, ಕಾರ್ ಎಷ್ಟ ದೊಡ್ಡದಿದ್ರೂ, ಮೊಬೈಲ್, ಪಾತ್ರಿ ಪಗಡಿ, ಇವಕ್ಕ ಇಲ್ಲ. ಬಾಡಿಗಿ ಕೊಟ್ಟ ಮನಿಗೂ ಇಲ್ಲ, ಬಂದ ಬಾಡಿಗಿ ಉಳದಿದ್ರ ಅದು ರೊಕ್ಕದಾಗ ಕೂಡ್ತದ ಅಷ್ಟ.

ಪ್ಲಾಟ್ ಬಗ್ಗೆ ಸ್ವಲ್ಪ ಹೆಚ್ಚಿಗಿ ಹೇಳಬೇಕು, ಯಾಕಂದ್ರ ಈಗ ರೊಕ್ಕ ಇದ್ದವರೆಲ್ಲಾ ಎನ್‌ಎ (ಕೃಷಿಯೇತರ) ಪ್ಲಾಟ್‌ನ್ಯಾಗೇ ಹಾಕ್ಯಾರ. ಕೊಳ್ಳೂ ಹೊತ್ತಿನ್ಯಾಗಿನ ನಿಯ್ಯತ್ ಮುಖ್ಯ. ರೇಟ್ ಬಂದ್ರ ಮಾರಬೇಕು ಅಂತ ಪಕ್ಕಾ ಮಾಡೇ ಕೊಂಡಿದ್ರ ಅದು ಅಂಗಡ್ಯಾಗಿನ ಮಾಲ ಇದ್ದಂಗ, ಪ್ರತಿ ವರ್ಷ ಪೂರ್ತಿ ಬಜಾರ ಬೆಲಿಮ್ಯಾಲೆ ಜಕಾತ್. ಮನಿ ಕಟ್ಟಾಕ, ಮಕ್ಕಳಿಗಿ ಇರಲಿ ಅಂತ, ಇಲ್ಲಾ ನೋಡೂಣು ಮುಂದ ಏನಾಗ್ತದೋ ಅಂತ ಕೊಂಡಿದ್ರ ಇಲ್ಲ. ಮನಿ ಕಟ್ಟಾಕ ಕೊಂಡಿದ್ದು ಆಮ್ಯಾಲೆ ಮಾರೂ ವಿಚಾರ ಬಂತು, ಆಗೂ ಮಾರಿ ರೊಕ್ಕ ಕೈಗಿ ಬರೂತನ ಇಲ್ಲ. ವಾರಸಾದಾಗ ಬಂದ ಜಾಗಾಕ್ಕೂ ಹಂಗೇ. ಇಲ್ಲಿ ನಿಯ್ಯತ್ ಏನಿತ್ತು ಅಂತ ಯಾರೂ ಬಂದ ತಪಾಸ ಮಾಡಂಗಿಲ್ಲ, ಅಲ್ಲಾಹ್‌ಗಿ ಗೊತ್ತು, ನಿಮಗ ಗೊತ್ತು. ಐದ ಪ್ಲಾಟ್ ಇದ್ದವರು ಐದೂ ಮಕ್ಕಳಿಗಿ ಅಂತ ಹೇಳಿದ್ರ ಕೇಳಿದವ ಸುಮ್ಮನ ನಗ್ತಾನ ಅಷ್ಟೇ.

ಶೇರ್ ಮಾರ್ಕೆಟ್‌ನ್ಯಾಗ ತಗೊಂಡು ಮಾರೂ ಧಂದೆ ಇದ್ರ ಶೇರಿನ ಪೂರ್ತಿ ಬೆಲಿ ಬರೀರಿ. ಪಿಎಫ್ ಒಳಗ ಕಂಪನಿ ಕಡ್ಡಾಯ ಕಟ್ ಮಾಡೂದಕ್ಕ ಕೈಗಿ ಬರೂತನ ಇಲ್ಲ ಅಂತ ನಮ್ಮ ದೇಶದ ಬಹಳ ಮುಫ್ತಿಗಳು ಹೇಳ್ತಾರ, ನೀವೇ ಬಯಸಿ ಹೆಚ್ಚಿಗಿ ಕಟ್ಟಿಸಿದ್ದು ಇದ್ರ ಕೇಳಿ ಮಾಡ್ರಿ.

ಉದ್ರಿ ಮತ್ತ ಭಿಶಿ (ಮಂದಿ ಕೂಡಿ ತಿಂಗಳಾ ತುಂಬಿ ಒಬ್ಬೊಬ್ಬರಾಗಿ ಎತ್ತೂ ಚೀಟಿ). ಮಂದಿಗಿ ಕೊಟ್ಟ ಸಾಲ, ಗಿರಾಕಿಗಳ ಉದ್ರಿ, ಬಂದೇ ಬರ್ತದ ಅನ್ನೂ ಭರವಸೆ ಇದ್ರ ಈಗೇ ಕೂಡಸ್ರಿ, ಇಲ್ಲಾ ಕೈಗಿ ಬಂದ ಮ್ಯಾಲೆ ಹಿಂದಿನ ವರ್ಷದ್ದೆಲ್ಲಾ ಕೂಡಿಸಿ ಕೊಡ್ರಿ, ಎರಡೂ ನಡೀತಾವ, ನನಗ ಕೇಳಿದ್ರ ವರ್ಷಾ ವರ್ಷ ಕೊಟ್ಟಬಿಡೂದು ಹಗುರ. ಬರೂ ಆಸೇನೇ ಇಲ್ಲದ್ದು ಬಿಡ್ರಿ. ಭಿಶಿ ಹಾಕಿದವರದು ಹಿಂಗ, ನೀವು ಇನ್ನ ಭಿಶಿ ಎತ್ತಿಲ್ಲಾಂದ್ರ ಇಲ್ಲೀತನ ತುಂಬಿದ ರೊಕ್ಕ ನಿಮಗ ಬರಬೇಕಾದ ಸಾಲ, ಅದನ್ನ ಎಡಕ್ಕ ಬರೀರಿ. ಮೊದಲೇ ಎತ್ತಿದ್ರ ಉಳದ ಕಂತು ನೀವು ಕೊಡಬೇಕಾದ ಸಾಲ, ಅದು ಬಲಕ್ಕ.

ಬಲಕ್ಕ ಅಂದ್ರ ಕಳಿಯೂದು. ಹೋಲ್‌ಸೇಲ್ ಅಂಗಡಿಯವರಿಗಿ ಕೊಡಬೇಕಾದ ಬಾಕಿ, ಕೈಗಡ, ಆಳಿನ ಪಗಾರ ಬಾಕಿ, ಬಂದಿಟ್ಟ ಕರೆಂಟ್ ಬಿಲ್, ಕೊಡೂ ಟೈಮ್ ಆದ ಬಾಡಿಗಿ. ಹಿಂದಿನ ವರ್ಷದ ಜಕಾತ್ ಬಾಕಿ ಇದ್ರ ಅದೂ. ದೊಡ್ಡ ಬ್ಯಾಂಕ್ ಸಾಲದ್ದು ಮಾತ್ರ ಹುಷಾರಿ. ಮನಿಮ್ಯಾಲೆ 20 ವರ್ಷದ್ದು 25 ಲಕ್ಷ ಸಾಲ ಅದ, ಅದನ್ನೆಲ್ಲಾ ಒಮ್ಮೆ ಕಳದ್ರ ಲಾಕರ್‌ನ್ಯಾಗ 20 ತೊಲಿ ಬಂಗಾರ ಇದ್ದವನೂ ಫಕೀರ ಆಗಿ ಕುಂತು ತಾನೇ ಜಕಾತ್ ತಗೋಬಹುದು ಅನ್ನಂಗ ಆಗ್ತದ. ಹಿಂಗಾಗಿ ಉದ್ದ ಕಂತಿನ ಸಾಲದಾಗ ಕೊಡೂ ಟೈಮ್ ಬಂದ ಕಂತು ಅಷ್ಟ ಕಳೀರಿ ಅಂತ ಈಗಿನ ಉಲಮಾಗಳು ಹೇಳ್ತಾರ, ಕೆಲವರು ಮುಂದಿನ ಒಂದ ವರ್ಷದ ಕಂತು ಕಳೀಲಿಕ್ಕೆ ಬಿಡ್ತಾರ, ಪೂರ್ತಿ ಸಾಲ ಅಲ್ಲ.

ಒಂದ ಲೆಕ್ಕ ಮಾಡಿ ತೋರಸ್ತೀನಿ, ರೇಟ್ ಎಲ್ಲಾ ಹಿಡಕೊಂಡಿದ್ದು, ನಿಮ್ಮ ತಾರೀಖಿನ ರೇಟ್ ನೀವೇ ಕೇಳ್ರಿ. ಬೆಳ್ಳಿ ಗ್ರಾಂಗಿ 200 ರೂಪಾಯಿ ಹಿಡದ್ರ ನಿಸಾಬ್ 612.36 ಗುಣಸು 200, ಅಂದ್ರ 1,22,472 ರೂಪಾಯಿ. ಒಬ್ಬ ಕಿರಾಣಿ ಅಂಗಡಿಯವ ಅದಾನ. ಗಲ್ಲಾ ಮತ್ತ ಮನಿ ಕೂಡಿ ರೊಕ್ಕ 38,000. ಬ್ಯಾಂಕಿನ್ಯಾಗ 1,45,000, ಅದರಾಗ ಬಡ್ಡಿ 3,200 ತಗದ್ರ 1,41,800. ಅಂಗಡಿ ಮಾಲ 4,60,000. ಬರೂ ಭರವಸೆ ಇರೂ ಉದ್ರಿ 52,000, ಇನ್ನೊಂದ 15,000 ಊರ ಬಿಟ್ಟ ಹೋದವನ ಹೆಸರಿಲೆ ಅದ, ಅದನ್ನ ಬಿಟ್ಟ. ತಿಂಗಳಿಗಿ 5,000ದ ಭಿಶಿ 8 ತಿಂಗಳ ತುಂಬ್ಯಾನ, ಇನ್ನ ಎತ್ತಿಲ್ಲ, 40,000. ಒಟ್ಟ 7,31,800. ಈಗ ಬಲಕ್ಕ, ಹೋಲ್‌ಸೇಲ್ ಬಾಕಿ 1,90,000, ಆಳಿನ ಪಗಾರ ಕರೆಂಟ್ ಬಿಲ್ ಕೂಡಿ 14,000, ಗಾಡಿ ಸಾಲದ ಈ ತಿಂಗಳ ಕಂತು 3,800, ಒಟ್ಟ 2,07,800. ಉಳದದ್ದು 5,24,000. ಭಾಗಿಸು 40, ಜಕಾತ್ 13,100 ರೂಪಾಯಿ.

ಅವನ ಹೆಂಡ್ತಿ ಕಡೆ ಬಜಾರ ಲೆಕ್ಕಕ್ಕ ಆರ ತೊಲಿ, 60 ಗ್ರಾಂ ಬಂಗಾರ, ಗ್ರಾಂಗಿ 12,000 ಹಿಡದ್ರ 7,20,000. ಅಕಿ ಸಾಸಿವಿ ಡಬ್ಬಿನ್ಯಾಗ 9,000 ಇಟ್ಟಾಳ. 60 ಗ್ರಾಂ ಅಂದ್ರ 87.48ಕ್ಕ ಮುಟ್ಟಿಲ್ಲ, ಆದ್ರ ಜೋಡಿ ರೊಕ್ಕ ಅದ, ಹಿಂಗಾಗಿ ಕೂಡಿಸಿ ಬೆಳ್ಳಿ ನಿಸಾಬ್ ನೋಡೂದು. 7,29,000 ಭಾಗಿಸು 40, ಅಂದ್ರ 18,225. ನೋಡ್ರಿ, ದಿನಾ ಬೆಳಿಗ್ಗೆ ಶಟರ್ ಎತ್ತೂ ಗಂಡಗಿಂತ ಹೆಂಡ್ತಿ ಜಕಾತೇ ಹೆಚ್ಚ ಆತು. ನಮ್ಮ ಮನಿಗಳಾಗ ಲೆಕ್ಕಾ ತಪ್ಪೂದು ಬಹುತೇಕ ಇಲ್ಲೇ, ಅಂಗಡಿದು ತಗೀತಾರ, ಕಪಾಟಿನ್ಯಾಗಿಂದು ಮರೀತಾರ. ಅಕಿ ಒಮ್ಮೆಲೆ 18 ಸಾವಿರ ಎಲ್ಲಿಂದ ತರಬೇಕು ಅಂತ ಕೇಳಬಹುದು. ಮುಂದಿನ ವರ್ಷದ್ದನ್ನ ಈಗಿಂದೇ ತಿಂಗಳಿಗಿ ಒಂದೂವರಿ ಸಾವಿರದಂಗ ಅಡ್ವಾನ್ಸ್ ಕೊಟ್ಟಕೊಂತ ಹೋಗ್ರಿ, ಜಕಾತ್ ನಿಯ್ಯತ್ ಮಾಡಿ, ಬರದಿಟ್ಟಕೊಂಡು. ತಾರೀಖಿಗಿ ಕೂಡಿಸಿ ನೋಡಿ ಕಡಿಮಿ ಬಿದ್ದಿದ್ದು ತುಂಬಿದ್ರಾತು.

ಹಿಂದಿನ ವರ್ಷಗಳದು ಕೊಟ್ಟೇ ಇಲ್ಲ ಅನ್ನವರು ಬಂಗಾರದ್ದು ಗ್ರಾಂನ್ಯಾಗ ತಗೀರಿ, ಹಗುರ ಆಗ್ತದ. ಅದೇ 60 ಗ್ರಾಂ ಮೂರ ವರ್ಷದ್ದು ಬಾಕಿ ಅದ ಅಂದ್ರ ಮೊದಲನೇ ವರ್ಷಕ್ಕ 1.5 ಗ್ರಾಂ, ಉಳದ 58.5ಕ್ಕ ಎರಡನೇ ವರ್ಷದ್ದು 1.46, ಉಳದದ್ದಕ್ಕ ಮೂರನೇದ್ದು 1.43, ಕೂಡಿ 4.39 ಗ್ರಾಂ, ಇವತ್ತಿನ ರೇಟಿಗಿ ಗುಣಿಸಿ ಕೊಡ್ರಿ.

ರೈತರಿಗಿ ಒಂದ ಮಾತು. ಹೊಲದ ಫಸಲಿಗಿ ಈ ಎರಡೂವರಿ ಲೆಕ್ಕ ಅಲ್ಲ, ಅದಕ್ಕ ಉಶ್ರ್ ಅಂತಾರ, ಮಳಿ ನೀರಿಂದ ಬಂದ ಬೆಳಿ ಇದ್ರ ಹತ್ತರಾಗ ಒಂದ ಪಾಲ, ಬೋರ್ ಬಾವಿ ನೀರ ಹಾಯಿಸಿದ್ರ ಇಪ್ಪತ್ತರಾಗ ಒಂದ ಪಾಲ, ವರ್ಷ ತುಂಬೂದು ಬೇಕಿಲ್ಲ, ರಾಶಿ ಆದಾಗ. ಒಣಬೇಸಾಯದ ಜ್ವಾಳಕ್ಕ ಒಂದ, ತಿಕೋಟಾ ಕಡೆ ಬೋರ್ ನೀರಿನ ದ್ರಾಕ್ಷಿಗಿ ಇನ್ನೊಂದ. ನಮ್ಮ ದೇಶದ ಜಮೀನಿಗಿ ಉಶ್ರ್ ಕಡ್ಡಾಯ ಅದನೋ ಇಲ್ಲೋ ಅನ್ನೂದ್ರಾಗ ಉಲಮಾಗಳ ಮಾತು ಒಂದಿಲ್ಲ, ಹಿಂಗಾಗಿ ಕೇಳಿ ನಡೀರಿ. ಒಣದ್ರಾಕ್ಷಿ ಕೊಂಡು ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ಟು ಮಾರೂ ವ್ಯಾಪಾರಿಗಿ ಮಾತ್ರ ಅದು ಮಾಲ, ಅವ ಬಜಾರ ಬೆಲಿಮ್ಯಾಲೆ ಎರಡೂವರಿ ಪರ್ಸೆಂಟ್ ಕೊಡಬೇಕು. ಆಡು ಕುರಿ ಹೊರಗ ಮೇಯಿಸಿ ಸಾಕಿದವರಿಗಿ 40 ಆದ್ರ ಒಂದ, 121 ಆದ್ರ ಎರಡ, 201 ಆದ್ರ ಮೂರ. ಬಕ್ರೀದ್‌ಗಿ ಮಾರಾಕಂತ ಕೊಂಡ ತಂದ ಹೋತ ಎಷ್ಟೇ ಇರಲಿ, ಅವೂ ಅಂಗಡಿ ಮಾಲೇ.

ಈಗ ಯಾರಿಗಿ ಕೊಡೂದು. ಕುರಾನ್‌ದಾಗ ಸೂರಾ ತೌಬಾದ 60ನೇ ಆಯತ್‌ನ್ಯಾಗ ಎಂಟ ಥರದ ಮಂದಿನ್ನ ಹೇಳೇದ, ಅದರಾಗ ನಮ್ಮ ಕಣ್ಮುಂದ ದಿನಾ ಕಾಣವರು ಫಕೀರ್, ಮಿಸ್ಕೀನ್ (ಬಡವರು, ಏನೂ ಇಲ್ಲದವರು), ಸಾಲದಾಗ ಮುಳುಗಿದವರು ಮತ್ತ ದಾರಿನ್ಯಾಗ ಸಿಕ್ಕಬಿದ್ದ ಪ್ರಯಾಣಿಕರು. ತಂದಿ ತಾಯಿ, ಅಜ್ಜ ಅಮ್ಮ, ಮಕ್ಕಳು ಮೊಮ್ಮಕ್ಕಳು, ಗಂಡ ಹೆಂಡ್ತಿ ಇವರಿಗಿ ಕೊಟ್ರ ಕೂಡಂಗಿಲ್ಲ. ಸಯ್ಯದ್ ಮನೆತನದವರಿಗೂ ಇಲ್ಲ, ಅವರಿಗಿ ಬ್ಯಾರೆ ರೊಕ್ಕದಾಗ ಇಜ್ಜತ್‌ಲೆ ಸಹಾಯ ಮಾಡ್ರಿ. ಆದ್ರ ಅಣ್ಣ ತಮ್ಮ, ಅಕ್ಕ ತಂಗಿ, ಕಾಕಾ, ಮಾಮಾ, ಫೂಫಿ, ಖಾಲಾ ಬಡವರಿದ್ರ ಕೊಡಬಹುದು, ಕೊಟ್ರ ಎರಡ ಸವಾಬ್, ಒಂದ ಜಕಾತಿಂದು ಒಂದ ಸಂಬಂಧ ಉಳಿಸಿದ್ದು. ಗಂಡ ಸತ್ತ ತಂಗಿ ಗಲ್ಲಿನ್ಯಾಗೇ ಬೀಡಿ ಸುತ್ಕೊಂತ ಕುಂತಿರ್ತಾಳ, ಅಣ್ಣ ದೂರದ ಯಾವುದೋ ಊರಿನ ರಸೀದಿ ಹರಸ್ಕೊಂಡು ಗೋಡಿಗಿ ಅಂಟಿಸಿರ್ತಾನ, ಇದು ಸರಿ ಕಾಣಂಗಿಲ್ಲ. ಕೊಡೂವಾಗ ಇದು ಜಕಾತ್ ಅಂತ ಹೇಳೂದು ಬೇಕಿಲ್ಲ, ಮನಸ್ಸಿನ್ಯಾಗ ನಿಯ್ಯತ್ ಇದ್ರ ಸಾಕು, ಈದಿ (ಹಬ್ಬದ ಕಾಣಿಕಿ) ಅಂತ ಹೇಳಿ ಕೊಟ್ರೂ ನಡೀತದ.

ತಗೊಳ್ಳೂ ಬಡವ ಮಾಲೀಕ ಆಗಬೇಕು, ಇದು ಮುಖ್ಯ ಶರತ್ತು. ಹಿಂಗಾಗಿ ಮಸೀದಿ ಕಟ್ಟಾಕ, ಕಬರಸ್ತಾನ್ ಗೋಡಿಗಿ, ಬೋರ್ ಹಾಕ್ಸಾಕ, ಇಮಾಮ್ ಸಾಹೇಬ್ರ ಪಗಾರಕ್ಕ ಜಕಾತ್ ರೊಕ್ಕ ನಡಿಯಂಗಿಲ್ಲ. ಇಫ್ತಾರ್‌ದಾಗ ಕುಂಡ್ರಿಸಿ ಊಟಕ್ಕ ಹಾಕಿದ್ರ ಕೂಡಂಗಿಲ್ಲ, ಬಡವರ ಕೈಯಾಗ ರೇಶನ್ ಕಿಟ್ ಕೊಟ್ರ ಕೂಡ್ತದ. ನಿಮ್ಮ ಹತ್ರ ಸಾಲ ಮಾಡಿದ ಬಡವಗ ಹೋಗಲಿ ಬಿಡಪಾ ಜಕಾತ್‌ನ್ಯಾಗ ಮುರ್ಕೊಂತೀನಿ ಅಂದ್ರೂ ಕೂಡಂಗಿಲ್ಲ, ಮೊದಲ ಅವನ ಕೈಗಿ ಜಕಾತ್ ರೊಕ್ಕ ಕೊಟ್ಟು ಆಮ್ಯಾಲೆ ಸಾಲ ಅಂತ ವಾಪಸ ಇಸ್ಕೋಬಹುದು. ಮನಿ ಕೆಲಸಕ್ಕ ಬರೂ ಹೆಣ್ಮಗಳಿಗಿ ಪಗಾರದ ಬದ್ಲಿ ಕೊಡಂಗಿಲ್ಲ, ಪಗಾರ ಪೂರ್ತಿ ಕೊಟ್ಟ ಮ್ಯಾಲೆ ಬ್ಯಾರೆ ಕೊಡ್ರಿ. ದವಾಖಾನಿ ಬಿಲ್ ಕಟ್ಟೂದಿದ್ರ ಪೇಶಂಟಿನ ಕೈಗಿ ರೊಕ್ಕ ಕೊಡ್ರಿ, ಇಲ್ಲಾ ಅವ ನನ್ನ ಪರವಾಗಿ ನೀವೇ ಕಟ್ರಿ ಅಂತ ಹೇಳಿದ ಮ್ಯಾಲೆ ಕಟ್ರಿ.

ರಮಜಾನ್‌ದಾಗ ಸಫೀರ್‌ಗಳು (ಮದರಸಾಕ್ಕ ಚಂದಾ ಎತ್ತವರು) ರಸೀದಿ ಪುಸ್ತಕ ಹಿಡಕೊಂಡು ಅಂಗಡಿ ಅಂಗಡಿ ಬರ್ತಾರ. ಹಾಸ್ಟೆಲ್‌ನ್ಯಾಗ ಬಡ ಹುಡುಗರು ಇರೂ ಮದರಸಾ ಇದ್ರ ಕೊಡಬಹುದು, ಆದ್ರ ಜಕಾತ್ ರೊಕ್ಕ ಬ್ಯಾರೆ ಇಡ್ತೀರೇನು, ಕಟ್ಟಡಕ್ಕ ಹಾಕ್ತೀರೇನು ಅಂತ ಕೇಳ್ರಿ, ಕೇಳೂದು ಬೇಅದಬಿ (ಅಗೌರವ) ಅಲ್ಲ. ರಸೀದಿಮ್ಯಾಲೆ ಜಕಾತ್ ಅಂತೇ ಬರಸ್ರಿ, ಇಮ್ದಾದ್ (ಸಹಾಯ) ಅಂತ ಬರದ್ರ ಅಲ್ಲಿ ಅದು ಬ್ಯಾರೆ ಖಾತೆಕ್ಕ ಹೋಗ್ತದ.

ಇನ್ನ ಈದ್ ನಮಾಜಿನ ಮೊದಲ ಕೊಡೂ ಫಿತ್ರಾ ಈ ಲೆಕ್ಕದಾಗ ಇಲ್ಲ, ಅದು ತಲಿಗಿಷ್ಟು ಅಂತ ಬ್ಯಾರೆ, ಪ್ರತಿ ವರ್ಷ ಗೋದಿ ರೇಟ್ ನೋಡಿ ಮಸೀದಿನ್ಯಾಗ ಹೇಳ್ತಾರ. ಸಣ್ಣ ಕೂಸಿಂದೂ ಅಪ್ಪ ಕೊಡಬೇಕು. ಜಕಾತ್ 13,100 ಕೊಟ್ಟೀನಿ ಅದರಾಗೇ ಫಿತ್ರಾ ಮುರ್ಕೋರಿ ಅನ್ನಾಕ ಬರಂಗಿಲ್ಲ, ಅದಕ್ಕ ಹಾಳಿಮ್ಯಾಲೆ ಕೆಳಗ ಇನ್ನೊಂದ ಗೆರಿ ಹಾಕಿ ಬ್ಯಾರೆ ಬರೀರಿ.